ಹಾರನಹಳ್ಳಿಯ ಮೂವರೂ ಡಾಂಗನ್ನಿನ ಮೂವರೂ

ಕಳೆದ ಮಾಗಿಯಲ್ಲಿ ನಾವು ನಾಲ್ವರು ಮಿತ್ರರು ಅರಸೀಕೆರೆಯಲ್ಲಿ ರೈಲಿನಿಂದಿಳಿದು ಹಾರನಹಳ್ಳಿಗೆ ಹೋಗಿದ್ದೆವು. ಸೋಮೇಶ್ವರನ ಗುಡಿಯ ಜಗತಿಯ ಮೇಲೆ ಬಿಸಿಲಿಗೆ ಮೈಯೊಡ್ಡಿ ಕುಳಿತಿರುವಾಗ ಮಾತು ಹೇಗೋ ಶ್ರೀರಂಗಪಟ್ಟಣದ ಮುತ್ತಿಗೆಯ ಕಡೆಗೆ ಹೊರಳಿತು. ನಮ್ಮೊಡನೆ ಇದ್ದ ಒಬ್ಬ ಸಜ್ಜನರು ಮೂವತ್ತು ವರ್ಷ ಇತಿಹಾಸವನ್ನು ಬೋಧಿಸಿ ನಿವೃತ್ತರಾದವರು. ಅವರು ವೆಲ್ಲಿಂಗ್ಟನ್ ಪ್ರಭುವಿನ ವಂಶಾವಳಿಯನ್ನು ಎಲ್ಲಿಯೂ ಎಡವದೆ ಹೇಳಿದರು. ತಂದೆ ಯಾರು, ಅಣ್ಣ ಯಾರು, ಯಾವ ವರ್ಷ ಯಾವ ಪದವಿ ಬಂದಿತು, ಎಲ್ಲವೂ ನಾಲಗೆಯ ತುದಿಯಲ್ಲಿಯೇ ಇದ್ದಿತು. ಕೇಳಿ ಸಂತೋಷಪಟ್ಟೆವು. ಆ ಮೇಲೆ ನಮ್ಮಲ್ಲೊಬ್ಬರು, “ರಾಯರೇ, ನಾವು ಕುಳಿತಿರುವ ಈ ಗುಡಿಯನ್ನು ಕಟ್ಟಿಸಿದವರು ಯಾರು?” ಎಂದು ಕೇಳಿದರು. ಆ ಹಿರಿಯರು ಸ್ವಲ್ಪ ಯೋಚಿಸಿ, “ಯಾರೋ ಒಬ್ಬ ಹೊಯ್ಸಳ ದೊರೆ, ಕಟ್ಟಿದವನು ಜಕಣಾಚಾರಿ” ಎಂದರು.

ವಾಚಕ ಮಹಾಶಯರು ನಗಬಾರದು. ಆ ಸಜ್ಜನರ ಸ್ಥಾನದಲ್ಲಿ ನಮ್ಮಲ್ಲಿ ನೂರಕ್ಕೆ ತೊಂಬತ್ತು ಮಂದಿ ಇದ್ದಿದ್ದರೂ ಇದೇ ಉತ್ತರವೇ ಬರುತ್ತಿತ್ತು. ಪರರ ಮನೆಯ ಜಾತಕವನ್ನು ಕಂಠಪಾಠ ಮಾಡಿ ನಮ್ಮ ಮನೆಯ ಬಾಗಿಲ ಮೇಲಿನ ಹೆಸರನ್ನು ಓದಲಾರದವರಾಗಿ ನಾವು ಬೆಳೆದೆವು; ನಮ್ಮನ್ನು ಹಾಗೆ ಬೆಳೆಸಲಾಯಿತು. ಆಂಗ್ಲರಲ್ಲಿ ಡೆಬ್ರೆಟ್ಟನ ಗ್ರಂಥ ೧೭೬೯ರಿಂದ, ಬರ್ಕ್‌ನ ಗ್ರಂಥ ೧೮೨೬ರಿಂದ ಪ್ರಭುಮನೆತನಗಳ ಕುಲಕಥನವನ್ನು ಅಚ್ಚುಹಾಕಿ ಪೀಳಿಗೆಯಿಂದ ಪೀಳಿಗೆಗೆ ಕಾಯ್ದುಕೊಂಡು ಬಂದಿರುವವು. ಆ ಗ್ರಂಥಗಳ ಮೇಲೆ ನಮಗೇನೂ ಮುನಿಸಿಲ್ಲ. ನಮ್ಮ ದೂರು ಬೇರೆಯದು: ಆ ವಂಶಾವಳಿಯನ್ನು ಓದಿದವರೂ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಪೂರ್ತಿ ಓದಿದ್ದರೆ ಕನ್ನಡ ನಾಡು ಹರಿದು ಹಂಚಿಹೋದ ಕಥೆಯ ಬಹುಭಾಗ ಆ ಒಂದೇ ಮನೆಯ ಮರದ ಕೊಂಬೆರೆಂಬೆಗಳಲ್ಲಿ ತೂಗಾಡುತ್ತಿರುವದನ್ನು ಕಾಣುತ್ತಿದ್ದರು. ಆದುದರಿಂದ ಇಂದು ನಾವೇ ಅದನ್ನು ಓದುವ.

ಮೊದಲು ಬೇರನ್ನು ನೋಡೋಣ. ಐರ್ಲೆಂಡಿನ ಮೀತ್ ಸೀಮೆಯಲ್ಲಿ ಡಾಂಗನ್ ಎಂಬ ಎಸ್ಟೇಟು. ಅದರ ಒಡೆಯ ಗ್ಯಾರೆಟ್ ವೆಸ್ಲಿ ಎಂಬವನು ಮಕ್ಕಳಿಲ್ಲದೆ ೧೭೨೮ರಲ್ಲಿ ತೀರಿಕೊಂಡನು. ಆಸ್ತಿಯೆಲ್ಲವೂ ಅವನ ನಂಟನಾದ ರಿಚರ್ಡ್ ಕಾಲಿ ಎಂಬವನಿಗೆ ಬಂದಿತು. ಕಾಲಿ ಎಂಬುದು ಬೇರೆ ಮನೆತನ. ಆಸ್ತಿಯೊಡನೆ ರಿಚರ್ಡನು ಹೆಸರನ್ನೂ ಹೊತ್ತನು. ನಿನ್ನೆಯವರೆಗೆ ಕಾಲಿಯಾಗಿದ್ದವನು ಇಂದು ವೆಸ್ಲಿಯಾದನು. ೧೭೪೬ರಲ್ಲಿ ಅವನು ಮಾರ್ನಿಂಗ್ಟನ್ನಿನ ಬ್ಯಾರನ್ ಆದನು. ಅವನ ಮಗ ಗ್ಯಾರೆಟ್ಟನು ೧೭೬೦ರಲ್ಲಿ ಅರ್ಲ್ ಪದವಿಗೇರಿದನು. ಈ ಗ್ಯಾರೆಟ್ಟನು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಪ್ರಾಧ್ಯಾಪಕನಾಗಿದ್ದವನು, ರಾಗರಚನೆ ಮಾಡಿದವನು. ಇಡೀ ವಂಶದಲ್ಲಿ ನಮಗೆ ಒಪ್ಪಿಗೆಯಾಗುವ ಪುರುಷನೆಂದರೆ ಅವನೊಬ್ಬನೇ ಎಂದು ನಗುತ್ತ ಹೇಳಬಹುದು. ಮುಂದೆ ಅವನ ಮಕ್ಕಳು ವೆಸ್ಲಿ ಎಂಬ ಹೆಸರನ್ನೂ ಹಿಗ್ಗಿಸಿ ಹಳೆಯ ಕಾಲದ ಘನತೆ ಬರುವಂತೆ ವೆಲ್ಲೆಸ್ಲಿ ಎಂದು ಬರೆಯತೊಡಗಿದರು. ಆರ್ಥರ್ ಎಂಬ ಮಗನು ಆ ಹೊಸ ಕಾಗುಣಿತದಲ್ಲಿ ರುಜು ಹಾಕಲು ಆರಂಭಿಸಿದ್ದು ೧೭೯೮ರಲ್ಲಿ. ಆಗ ಅವನು ಹಿಂದುಸ್ಥಾನದಲ್ಲಿಯೇ ಇದ್ದನು.

ಎರಡನೆಯ ಮಗ ವಿಲಿಯಮ್ಮನು ೧೭೮೧ರಲ್ಲಿ ಪೋಲ್ ಎಂಬ ಇನ್ನೊಂದು ಮನೆತನದ ಆಸ್ತಿಗೆ ಹಕ್ಕುದಾರನಾಗಿ ಹೆಸರಿಗೆ ಪೋಲ್ ಎಂಬ ಬಾಲವನ್ನು ಸೇರಿಸಿಕೊಂಡನು. ಅವನ ಮಗನು ೧೮೧೨ರಲ್ಲಿ ಮಹಾಶ್ರೀಮಂತಳಾದ ಟಿಲ್ನಿ-ಲಾಂಗ್ ಮನೆಯ ಕನ್ಯೆಯನ್ನು ಮದುವೆಯಾಗಿ ಆ ಎರಡು ಹೆಸರುಗಳನ್ನೂ ತನ್ನದಕ್ಕೆ ಜೋಡಿಸಿಕೊಂಡನು. ಹೀಗೆ ಅವನು ಪೋಲ್-ಟಿಲ್ನಿ-ಲಾಂಗ್-ವೆಲ್ಲೆಸ್ಲಿ. ಗೂಡ್ಸ್ ರೈಲಿನಂತೆ ನಾಲ್ಕು ಡಬ್ಬಿಗಳು. ಆ ಸಾಧ್ವಿಯ ಐಶ್ವರ್ಯವನ್ನೆಲ್ಲ ಅವನು ಕರಗಿಸಿದ ರೀತಿ ಹೇಗೆಂದರೆ ಅವಳ ವಾನ್‌ಸ್ಟೆಡ್ ಅರಮನೆಯ ಸಾಮಾನುಗಳು ೧೮೨೨ರಲ್ಲಿ ಹರಾಜಾದವು. ಮೂರೇ ವರ್ಷಗಳಲ್ಲಿ ಆ ಅರಮನೆಯ ಕಲ್ಲುಮಣ್ಣು ಸಹ ಮಾರಾಟವಾಗಿ ನೆಲಸಮವಾಯಿತು. ಕೊನೆಯ ಮಗ ಹೆನ್ರಿಯು ೧೮೨೮ರಲ್ಲಿ ಬ್ಯಾರನ್ ಆದಾಗ ತೆಗೆದುಕೊಂಡ ಹೆಸರು ಕೌಲಿ, ಎಂದರೆ ಹಳೆಯ ಕಾಲಿಯೇ. ನೂರು ವರ್ಷ ತಿರುಗಾಡಿ ಹೆಸರು ಮನೆಗೆ ಬಂದಿತು!

ಇಷ್ಟೆಲ್ಲ ಹೇಳುವದು ಅಪಹಾಸ್ಯಕ್ಕಾಗಿ ಅಲ್ಲ. ಮಕ್ಕಳಿಲ್ಲದ ಮನೆಗೆ ಹೊರಗಿನವನು ಬಂದು ಹೆಸರನ್ನೂ ಆಸ್ತಿಯನ್ನೂ ಹೊತ್ತು ವಂಶವನ್ನು ಮುಂದುವರಿಸುವದು ಲೋಕದಲ್ಲಿ ಎಲ್ಲೆಡೆ ಉಂಟು. ನಮ್ಮಲ್ಲಿ ಅದಕ್ಕೆ ದತ್ತಕವೆನ್ನುತ್ತಾರೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಕಿತ್ತೂರಿನ ಬಾಗಿಲಲ್ಲಿ ಇದು ಬೇಕಾಗುವದು.

ಇನ್ನು ಕಾಂಡಕ್ಕೆ ಬರೋಣ. ಹಿರಿಯ ಮಗ ರಿಚರ್ಡನು ೧೭೯೮ರಲ್ಲಿ ಗವರ್ನರ್ ಜನರಲನಾಗಿ ಬಂದನು; ಆರ್ಥರನು ಕರ್ನಲ್ ಆಗಿ ದಂಡಿನಲ್ಲಿದ್ದನು; ಹೆನ್ರಿಯು ಅಣ್ಣನ ಖಾಸಗಿ ಕಾರ್ಯದರ್ಶಿಯಾಗಿ ಬಂದನು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಬಿದ್ದ ರಾಜ್ಯವನ್ನು ಹೇಗೆ ಹಂಚಬೇಕೆಂಬುದನ್ನು ಗೊತ್ತುಮಾಡಲು ಐವರು ಕಮಿಷನರುಗಳ ಮಂಡಲಿಯಾಯಿತು: ಸೇನಾಪತಿ ಹ್ಯಾರಿಸ್, ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್, ಆರ್ಥರ್ ವೆಲ್ಲೆಸ್ಲಿ, ಹೆನ್ರಿ ವೆಲ್ಲೆಸ್ಲಿ. ಅಪ್ಪಣೆ ಕೊಡುವವನು ಅಣ್ಣ, ಗೆರೆ ಎಳೆಯುವವರಲ್ಲಿ ಇಬ್ಬರು ತಮ್ಮಂದಿರು! ಅವಿಭಕ್ತ ಕುಟುಂಬದಲ್ಲಿ ಪಾಲುಪಾರೀಕತ್ತು ಮಾಡುವಾಗಲೂ ಇಷ್ಟು ಮಂದಿ ಸಹೋದರರು ಒಂದೇ ಪಕ್ಷದಲ್ಲಿ ಕೂಡುವದು ಅಪರೂಪ; ಅದರಲ್ಲಿಯೂ ಪಾಲಾಗುತ್ತಿದ್ದುದು ಅವರ ಪಿತ್ರಾರ್ಜಿತವಲ್ಲ, ನಮ್ಮದು. ಜೂನ್ ೨೨ರ ಒಪ್ಪಂದದಿಂದ ಕೆನರಾ ಕರಾವಳಿ, ಕೊಯಮತ್ತೂರು, ವೈನಾಡು ಕಂಪೆನಿಗೆ ಹೋದವು. ಈಶಾನ್ಯದ ಸೀಮೆಗಳು ನಿಜಾಮನಿಗೆ ಹೋದವು. ಉಳಿದುದು ಐದು ವರ್ಷದ ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ, ವರ್ಷಕ್ಕೆ ೭ ಲಕ್ಷ ವರಹ ಪೊಗದಿ ತೆರಬೇಕೆಂಬ ಕರಾರಿನ ಮೇಲೆ.

ಸತ್ಯಕ್ಕೆ ನ್ಯಾಯ ಸಲ್ಲಿಸಬೇಕಾದರೆ ಒಂದು ಮಾತು ಹೇಳಲೇಬೇಕು. ಲೂಟಿಯ ಹಣದಲ್ಲಿ ಒಂದು ಲಕ್ಷ ಪೌಂಡನ್ನು ತನಗೆ ಕೊಡಲು ಬಂದಾಗ ರಿಚರ್ಡನು ಅದು ಸೈನಿಕರ ಪಾಲೆಂದು ಬೇಡವೆಂದನು. ಮುಂದೆ ಕಂಪೆನಿಯವರು ವರ್ಷಕ್ಕೆ ೫,೦೦೦ ಪೌಂಡಿನಂತೆ ಗೌರವಧನ ಗೊತ್ತುಮಾಡಿದರು. ಅವನ ಆಸೆ ಹಣದ ಮೇಲಿರಲಿಲ್ಲ, ಪದವಿಯ ಮೇಲಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಮಾರ್ಕ್ವೆಸ್ ಪದವಿ ಬಂದಿತು, ಆದರೆ ಇಂಗ್ಲೆಂಡಿನ ಗಣದಲ್ಲಲ್ಲ, ಐರ್ಲೆಂಡಿನ ಗಣದಲ್ಲಿ. ಎರಡು ಸಲ ಚಿನ್ನದ ಮುಲಾಮು ಹಚ್ಚಿದ ಆಲೂಗಡ್ಡೆಯನ್ನು ತನಗೆ ಕೊಟ್ಟರೆಂದು ಅವನು ಗೋಳಾಡಿದನಂತೆ. ಕಾವೇರಿಯ ದಡದಲ್ಲಿ ಒಂದು ರಾಜ್ಯ ಮಡಿದುದು, ನೇತ್ರಾವತಿಯ ದಡದ ಜನ ತುಂಗೆಯ ದಡದ ಜನರಿಗೆ ಪರರಾಜ್ಯದವರಾದುದು, ಇಷ್ಟೆಲ್ಲ ಆ ಆಲೂಗಡ್ಡೆಗಾಗಿ!

ಬಳಿಕ ಆದುದನ್ನು ಶಾಲೆಯ ಉಪಾಧ್ಯಾಯರು ಭೂಪಟವನ್ನು ಗೋಡೆಗೆ ತೂಗುಹಾಕಿ ಹುಡುಗರಿಗೆ ತೋರಿಸಬಹುದು. ಕೆನರಾ ಮದರಾಸಿಗೆ ಸೇರಿತು. ೧೮೬೨ರಲ್ಲಿ ಅದನ್ನೂ ಎರಡು ಹೋಳು ಮಾಡಿ ಉತ್ತರದ ಹೋಳನ್ನು ಮುಂಬಯಿಗೆ ಕೊಟ್ಟರು. ನಿಜಾಮನಿಗೆ ಹೋಗಿದ್ದ ಬಳ್ಳಾರಿ ಸೀಮೆ ೧೮೦೦ರಲ್ಲಿ ಕಂಪೆನಿಯ ಕೈಗೆ ಬಂದು ಅದೂ ಮದರಾಸಿಗೆ ಸೇರಿತು. ಅದೇ ವರ್ಷ ಆರ್ಥರನು ಧೋಂಡಿಯ ವಾಘನನ್ನು ಬೆನ್ನಟ್ಟಿ ಸೆಪ್ಟೆಂಬರ್ ೧೦ರಂದು ರಾಯಚೂರು ಸೀಮೆಯ ಕೋಣಗಲ್ಲಿನ ಬಳಿ ಕೊಂದನು. ಸತ್ತವನ ಸಾಮಾನುಗಳ ನಡುವೆ ಸಿಕ್ಕಿದ ಸಲಾಬತ್ ಖಾನನೆಂಬ ಬಾಲಕನನ್ನು ಆರ್ಥರನು ಸಾಕಿಸಿ, ಅವನ ಪೋಷಣೆಗೆ ಹಣವಿಟ್ಟು ಹೋದನೆಂಬುದೂ ದಾಖಲೆಯಲ್ಲಿದೆ. ಶತ್ರುವಿನ ಮಗುವನ್ನು ಸಾಕಿದವನಲ್ಲಿ ಮನುಷ್ಯತ್ವವಿರಲಿಲ್ಲವೆಂದು ನಾವು ಹೇಳಲಾರೆವು.

ಆದರೆ ಬೇಲೂರಿನ ಸೆರಗಿನಲ್ಲಿಯೇ ಅವನು ಮಾಡಿದ ಕೆಲಸವನ್ನು ಹಾಸನ ಜಿಲ್ಲೆಯ ಎಷ್ಟು ಮಂದಿ ಬಲ್ಲರು? ಕೃಷ್ಣದೇವರಾಯನ ಕಾಲದಲ್ಲಿ, ೧೫೨೪ರಲ್ಲಿ, ಬೇಲೂರನ್ನು ಪಡೆದ ಎರೆ ಕೃಷ್ಣಪ್ಪ ನಾಯಕನ ಮನೆತನ ಮುಂದೆ ಐಗೂರಿನಲ್ಲಿ, ಬಲಂ ಸೀಮೆಯಲ್ಲಿ, ನಿಂತಿತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ ವೆಂಕಟಾದ್ರಿ ನಾಯಕನು ಕಂಪೆನಿಗೆ ತಲೆಬಾಗದೆ ಮಲೆಯ ಕಾಡುಗಳಲ್ಲಿ ಸೆಣಸಿದನು. ೧೮೦೨ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯು ದಂಡೆತ್ತಿ ಬಂದು ಅವನ ಅರಕೆರೆಯ ಕೋಟೆಯನ್ನು ಮುರಿದನು, ಫೆಬ್ರುವರಿಯಲ್ಲಿ ನಾಯಕನು ಸೆರೆಸಿಕ್ಕನು, ಅವನನ್ನು ಗಲ್ಲಿಗೇರಿಸಿದರು. ವೆಲ್ಲಿಂಗ್ಟನ್ನನ ವಂಶ ಡ್ಯೂಕರ ಸಾಲಾಗಿ ಬೆಳೆದುದನ್ನು ನಾವು ಕಲಿತೆವು. ಆ ವಂಶದ ಕೈಯಿಂದ ಸಕಲೇಶಪುರದ ಮಲೆಯಲ್ಲಿ ಮುರಿದುಬಿದ್ದ ಇನ್ನೊಂದು ವಂಶ ನಮ್ಮ ಪಾಠದಲ್ಲಿ ಬರಲೇ ಇಲ್ಲ.

ಇನ್ನು ಬೀಗತನದ ಕಥೆ. ಇದು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಎಲ್ಲಿಯೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ರಿಚರ್ಡನಿಗೆ ಗೇಬ್ರಿಯೆಲ್ ರೋಲಾಂಡ್ ಎಂಬ ಫ್ರೆಂಚ್ ಸ್ತ್ರೀಯಲ್ಲಿ ಮಕ್ಕಳಾಗಿದ್ದವು. ಅವಳನ್ನು ಅವನು ಮದುವೆಯಾದುದು ೧೭೯೪ರಲ್ಲಿ, ಮಕ್ಕಳೆಲ್ಲ ಹುಟ್ಟಿದ ಮೇಲೆ. ಆದುದರಿಂದ ಗಂಡುಮಕ್ಕಳಿಗೆ ಪದವಿ ಸಲ್ಲಲಿಲ್ಲ. ೧೮೪೨ರಲ್ಲಿ ರಿಚರ್ಡನು ಸತ್ತೊಡನೆ ಅವನ ಮಾರ್ಕ್ವೆಸ್ ಪದವಿಯೂ ಸತ್ತಿತು. ಆದರೆ ಆನ್ ಎಂಬ ಮಗಳು ೧೮೧೬ರಲ್ಲಿ ಚಾರ್ಲ್ಸ್ ಬೆಂಟಿಂಕ್ ಪ್ರಭುವನ್ನು ಎರಡನೆಯ ಮದುವೆಯಾದಳು. ಇವನು ಯಾರು? ಪೋರ್ಟ್‌ಲೆಂಡಿನ ಮೂರನೆಯ ಡ್ಯೂಕನ ಮಗ. ವಿಲಿಯಂ ಬೆಂಟಿಂಕನ ಸ್ವಂತ ತಮ್ಮ. ವಿಲಿಯಂ ಬೆಂಟಿಂಕನೆಂದರೆ ನಗರದ ರೈತದಂಗೆಯ ನೆಪದಿಂದ ೧೮೩೧ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡವನು. ೧೮೩೪ರಲ್ಲಿ ಕೊಡಗನ್ನು ನುಂಗಿದವನು. ಮಾವನು ೧೭೯೯ರಲ್ಲಿ ಗದ್ದುಗೆಯ ಮೇಲೆ ಕೂಡಿಸಿದ ಬಾಲಕನನ್ನು ಅಳಿಯನ ಅಣ್ಣನು ೧೮೩೧ರಲ್ಲಿ ಇಳಿಸಿದನು! ಎರಡು ಮನೆಗಳ ಬೀಗತನದ ಅಂಗಳದಲ್ಲಿ ನಮ್ಮ ನಾಡಿನ ಕೂಡಿಸಾಟ ಇಳಿಸಾಟಗಳೆಲ್ಲ ನಡೆದವು. ಆನ್ ಮತ್ತು ಚಾರ್ಲ್ಸ್ ದಂಪತಿಗಳ ಮಗ ಒಬ್ಬ ಪಾದ್ರಿ. ಆ ಪಾದ್ರಿಯ ಮಗಳು ಸಿಸೀಲಿಯ. ಸಿಸೀಲಿಯಳ ಮಗಳು ಆರನೆಯ ಜಾರ್ಜನ ರಾಣಿ ಎಲಿಝಬೆತ್. ಅವಳ ಮಗಳೇ ೧೯೫೨ರಿಂದ ೨೦೨೨ರ ವರೆಗೆ ಆಳಿದ ಎರಡನೆಯ ಎಲಿಝಬೆತ್. ಈಗ ಇಂಗ್ಲೆಂಡಿನ ಸಿಂಹಾಸನದಲ್ಲಿರುವ ಮೂರನೆಯ ಚಾರ್ಲ್ಸನ ಮೈಯಲ್ಲಿ ಕನ್ನಡ ನಾಡನ್ನು ಹಂಚಿದ ಆ ರಿಚರ್ಡನ ರಕ್ತ ಹರಿಯುತ್ತಿದೆ.

ಈಗ ಕಿತ್ತೂರು. ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ೧೮೨೪ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು, ದತ್ತಕವಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆಯು ಆ ದತ್ತಕ ಸಲ್ಲದೆಂದನು. ಮುಂಬಯಿಯಲ್ಲಿ ಆಗ ಗವರ್ನರನಾಗಿದ್ದವನು ಮೌಂಟ್‌ಸ್ಟೂಅರ್ಟ್ ಎಲ್ಫಿನ್‌ಸ್ಟನ್, ಸ್ಕಾಟ್ಲೆಂಡಿನ ಒಬ್ಬ ಪ್ರಭುವಿನ ಕಿರಿಯ ಮಗ. ಡಾಂಗನ್ನಿನ ಎಸ್ಟೇಟಿಗೆ ಕಾಲಿಯು ಬಂದು ವೆಸ್ಲಿಯಾದರೆ ಅದು ನ್ಯಾಯ. ಪೋಲ್ ಮನೆಗೆ ವೆಸ್ಲಿಯು ಬಂದು ಪೋಲ್ ಆದರೆ ಅದು ಕಾನೂನು. ಕಿತ್ತೂರಿನ ವಾಡೆಗೆ ಶಾಸ್ತ್ರೋಕ್ತವಾಗಿ ಬಂದ ದತ್ತಕಪುತ್ರನು ಮಾತ್ರ ಸುಳ್ಳು ವಾರಸುದಾರ! ಇದಕ್ಕಿಂತ ನಿರ್ಲಜ್ಜವಾದ ಎರಡು ತೂಕದ ಬಟ್ಟು ಯಾವ ಅಂಗಡಿಯಲ್ಲಿದ್ದೀತು? ರಾಣಿ ಚೆನ್ನಮ್ಮನು ಅಕ್ಟೋಬರ್ ೨೩ರಂದು ಉತ್ತರ ಕೊಟ್ಟಳು, ಥ್ಯಾಕರೆ ಬಿದ್ದನು. ಡಿಸೆಂಬರಿನಲ್ಲಿ ಕೋಟೆ ಹೋಯಿತು. ೧೮೨೯ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ರಾಣಿಯು ತೀರಿಕೊಂಡಳು. ಮೈಸೂರಿನಲ್ಲಿಯೂ ಇದೇ ಆಟ ನಡೆಯುವದರಲ್ಲಿತ್ತು. ೧೮೬೫ರಲ್ಲಿ ಮುಮ್ಮಡಿಯವರು ದತ್ತಕ ತೆಗೆದುಕೊಂಡಾಗ ಸರಕಾರವು ಮೊದಲು ಒಪ್ಪಲಿಲ್ಲ. ೧೮೬೭ರಲ್ಲಿ ಲಂಡನ್ನಿನಿಂದ ಒಪ್ಪಿಗೆ ಬಂದು, ೧೮೮೧ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಐವತ್ತು ವರ್ಷ!

“ನಿಮ್ಮ ದೊರೆಗಳ ವಂಶಾವಳಿಗಳೇನು ಕಡಮೆ ಕಟ್ಟುಕಥೆಯೇ?” ಎಂದು ಕೇಳುವವರುಂಟು. ಒಪ್ಪುತ್ತೇವೆ. ಹೊಯ್ಸಳರ ಶಾಸನಗಳನ್ನು ತೆರೆದರೆ ಬ್ರಹ್ಮ, ಅತ್ರಿ, ಚಂದ್ರ, ಬುಧ, ಪುರೂರವ, ಯಯಾತಿ, ಯದು ಎಂದು ಆಕಾಶದಿಂದ ಇಳಿದು ಸೊಸೆವೂರಿಗೆ, ಎಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಗೆ, ಬಂದು ಹುಲಿಯನ್ನು ಹೊಡೆದ ಸಳನ ಬಳಿ ನಿಲ್ಲುತ್ತದೆ. ಇತಿಹಾಸಜ್ಞರು ಇದನ್ನು ನಂಬುವದಿಲ್ಲ; ಮಲೆಯ ನಾಯಕರಾಗಿದ್ದವರು ದೊಡ್ಡವರಾದ ಮೇಲೆ ಯದುವಂಶವನ್ನು ಅರಸಿಕೊಂಡರೆಂದು ಹೇಳುತ್ತಾರೆ. ಮಲೆಪರೊಳ್ ಗಂಡನೆಂಬ ಬಿರುದನ್ನು ಬಿಡದೆ ಉಳಿಸಿಕೊಂಡುದೇ ಅದಕ್ಕೆ ಸಾಕ್ಷಿ. ವೆಸ್ಲಿ ವೆಲ್ಲೆಸ್ಲಿಯಾದಂತೆ ಮಲೆಪನು ಯಾದವನಾದನು. ಆದರೆ ನಮ್ಮ ಶಾಸನ ಅಲ್ಲಿಗೇ ಮುಗಿಯುವದಿಲ್ಲ. ಚಂದ್ರನನ್ನೂ ಯದುವನ್ನೂ ದಾಟಿದ ಮೇಲೆ ಅದು ನೆಲಕ್ಕೆ ಬರುತ್ತದೆ: ಕೊಟ್ಟವನು ಯಾರು, ಯಾವ ಗದ್ದೆ, ಯಾವ ಕೆರೆಯ ಕೆಳಗೆ, ಎಲ್ಲೆ ಎಲ್ಲಿಂದ ಎಲ್ಲಿಗೆ, ಅಳಿದವನಿಗೆ ಯಾವ ಪಾಪ. ಬೇಲೂರಿನಲ್ಲಿ ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೆತ್ತಿಕೊಂಡಿದ್ದಾರೆ. ಉಳಿ ಹಿಡಿದ ಅಪ್ಪಮಗನ ಈ ಎರಡು ತಲೆಮಾರಿನ ವಂಶಾವಳಿ ಯಾವ ಡ್ಯೂಕನ ವಂಶಾವಳಿಗೂ ಕಡಮೆಯದಲ್ಲ. ಎಲ್ಲವನ್ನೂ ಜಕಣಾಚಾರಿಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವ ನಾವು ಇವರಿಗೆ ಅನ್ಯಾಯ ಮಾಡಿದ್ದೇವೆ.

ಆ ಶಾಸನಗಳನ್ನು ಓದಿಕೊಟ್ಟವನೂ ಆಂಗ್ಲನೇ ಅಲ್ಲವೇ ಎಂಬ ಮಾತೂ ಬರುವದು. ಹೌದು. ಬೆಂಜಮಿನ್ ಲೂಯಿ ರೈಸನು ಪ್ರಭುವಲ್ಲ. ಪಾದ್ರಿಯೊಬ್ಬನ ಮಗ, ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವನು. ಹನ್ನೆರಡು ಸಂಪುಟಗಳ ಎಪಿಗ್ರಾಫಿಯ ಕರ್ನಾಟಿಕವನ್ನು ಕಟ್ಟಿದವನು. ಆ ಪುಣ್ಯಾತ್ಮನಿಗೆ ಕನ್ನಡಿಗರು ಎಷ್ಟು ಋಣಿಗಳಾದರೂ ಕಡಮೆಯೇ. ನಮ್ಮ ಜಗಳ ಬಿಳಿಯ ಬಣ್ಣದೊಡನೆ ಅಲ್ಲ. ಬಿಳಿಯರಲ್ಲಿ ನಾಡನ್ನು ಹರಿದವರ ಹೆಸರು ನಮ್ಮ ಮಕ್ಕಳಿಗೆ ಗೊತ್ತು, ನಾಡಿನ ಕಲ್ಲುಗಳನ್ನು ಜೋಡಿಸಿ ಓದಿದವನ ಹೆಸರು ಗೊತ್ತಿಲ್ಲ ಎಂಬುದೇ ಜಗಳ.

ಇನ್ನು ಹಾರನಹಳ್ಳಿಯ ಪ್ರಶ್ನೆಗೆ ಉತ್ತರ. ಸೋಮೇಶ್ವರನ ಗುಡಿಯನ್ನು ಸುಮಾರು ೧೨೩೫ರಲ್ಲಿ ಕಟ್ಟಿಸಿದವರು ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಅಣ್ಣತಮ್ಮಂದಿರು. ಅದೇ ಊರಿನಲ್ಲಿ ಚೆನ್ನಕೇಶವನ ತ್ರಿಕೂಟಾಲಯವೂ ಇದೆ. ಈ ಮೂವರು ದೊರೆಗಳಲ್ಲ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯನ್ನು ೧೧೨೧ರ ಸುಮಾರಿಗೆ ಆರಂಭಿಸಿದ ಕೇತಮಲ್ಲನೂ ದೊರೆಯಲ್ಲ. ಸೋಮೇಶ್ವರನ ಗುಡಿಯ ಪಟ್ಟಿಕೆಗಳಲ್ಲಿ ಕೆತ್ತನೆ ಮುಗಿಯದೆ ಕಲ್ಲು ಬರಿದಾಗಿ ನಿಂತ ಸ್ಥಳಗಳನ್ನು ಇಂದಿಗೂ ಕಾಣಬಹುದು. ಆನೆಯಾಗಬೇಕಾಗಿದ್ದ ಕಲ್ಲು ಕಲ್ಲಾಗಿಯೇ ಉಳಿದಿದೆ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ಯುನೆಸ್ಕೋದ ವಿಶ್ವಪರಂಪರೆಯ ಗೌರವ ಬಂದಿತು. ನಾವೆಲ್ಲ ಹಿಗ್ಗಿದೆವು, ಹಿಗ್ಗಬೇಕಾದುದೇ. ಹಾರನಹಳ್ಳಿ ಆ ಪಟ್ಟಿಯಲ್ಲಿಲ್ಲ. ಅದಕ್ಕಾಗಿ ಪರದೇಶದವರನ್ನು ದೂರುವಂತಿಲ್ಲ. ಅರಸೀಕೆರೆಯ ನಿಲ್ದಾಣದಲ್ಲಿ ಇಳಿದು ಬೇಲೂರಿನ ಬಸ್ಸನ್ನು ವಿಚಾರಿಸುವ ನಮ್ಮವರೇ ಎಂಟು ಕಿಲೋಮೀಟರಿನಾಚೆಯ ಹಾರನಹಳ್ಳಿಯ ಕಡೆಗೆ ತಿರುಗಿಯೂ ನೋಡುವದಿಲ್ಲ.

“ಆಂಗ್ಲರು ೧೯೪೭ರಲ್ಲಿ ಹೋದರು, ನಾಡು ೧೯೫೬ರ ನವೆಂಬರ್ ೧ರಂದು ಒಂದಾಯಿತು, ೧೯೭೩ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು, ಹಳೆಯ ಹುಣ್ಣನ್ನು ಏಕೆ ಕೆದಕುತ್ತೀರಿ?” ಎನ್ನುವವರಿಗೆ ಒಂದೇ ಊರಿನ ಹೆಸರು ಹೇಳುತ್ತೇವೆ: ಮಂಜೇಶ್ವರ. ೧೭೯೯ರ ಜೂನಿನಲ್ಲಿ ಆ ಮೂವರ ಗೆರೆಯಿಂದ ಕೆನರಾದೊಡನೆ ಕಂಪೆನಿಯ ಕೈಸೇರಿ, ಮದರಾಸಿನ ಅಡಿಯಲ್ಲಿ ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ತಾಲ್ಲೂಕು ೧೯೫೬ರಲ್ಲಿ ಕೇರಳಕ್ಕೆ ಹೋಯಿತು. ಮಂಜೇಶ್ವರದ ಗೋವಿಂದ ಪೈಗಳು, ಕನ್ನಡದ ರಾಷ್ಟ್ರಕವಿಗಳು, ೧೯೬೩ರಲ್ಲಿ ತೀರಿಕೊಂಡಾಗ ಅವರ ಮನೆ ಕನ್ನಡ ರಾಜ್ಯದ ಹೊರಗಿತ್ತು. ಚಂದ್ರಗಿರಿ ನದಿಯ ಉತ್ತರದ ಭಾಗ ಕನ್ನಡ ರಾಜ್ಯಕ್ಕೆ ಸೇರಬೇಕೆಂದು ೧೯೬೭ರಲ್ಲಿ ಮಹಾಜನ ಆಯೋಗವು ಬರೆಯಿತು. ಬರೆದುದು ಬರೆದಲ್ಲಿಯೇ ಇದೆ. ಹುಣ್ಣು ಹಳೆಯದೆನ್ನುವವರು ಕಾಸರಗೋಡಿನ ಒಂದು ಕನ್ನಡ ಶಾಲೆಗೆ ಹೋಗಿ, ಅಲ್ಲಿಯ ಉಪಾಧ್ಯಾಯರ ಮುಂದೆ ಈ ಮಾತನ್ನು ಹೇಳಿ ಬರಲಿ.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಹಾಸನ ಜಿಲ್ಲೆಯ ಶಾಸನಗಳೆಲ್ಲ ೧೯೦೨ರಲ್ಲಿಯೇ ರೈಸನ ಐದನೆಯ ಸಂಪುಟದಲ್ಲಿ ಅಚ್ಚಾಗಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು ಪರಿಷ್ಕರಿಸಿದ ಸಂಪುಟಗಳನ್ನೂ ತಂದಿದ್ದಾರೆ. ಬರುವ ಕಾರ್ತಿಕದಲ್ಲಿ ಹುಡುಗರನ್ನು ಕರೆದುಕೊಂಡು ಹಾರನಹಳ್ಳಿಗೆ ಹೋಗುವವರು ಆ ಸಂಪುಟದ ಪುಟಗಳನ್ನು ನಕಲು ಮಾಡಿಕೊಂಡು ಹೋಗಲಿ. ಊಟದ ಬುತ್ತಿಯನ್ನು ಜೊತೆಗೆ ಒಯ್ಯಲಿ. ಪೆದ್ದಣ್ಣ, ಸೋವಣ್ಣ, ಕೇಸಣ್ಣರ ಹೆಸರುಗಳನ್ನು ಮೊದಲು ಹಲಗೆಯ ಮೇಲೆ ಬರೆಸಿ, ಕೆಳಗೆ ರಿಚರ್ಡ್, ಆರ್ಥರ್, ಹೆನ್ರಿ ಎಂದು ಬರೆಸಲಿ. ನಮ್ಮ ಆ ನಿವೃತ್ತ ಸಜ್ಜನರು ಈ ಸಲ ತಾವೂ ಬರುವದಾಗಿ ಹೇಳಿ ಕಳಿಸಿದ್ದಾರೆ.